ಅಡಿಗೊಂದು ಇಂಚು

ಮಂಗಳೂರಿನ ಕೊಟ್ಟಾರ ಚೌಕಿಯ ಬಸ್ಸುಗಳ ಹಾರ್ನ್ ಮಳೆಯ ಸದ್ದಿನಲ್ಲಿ ಅರ್ಧ ಮುಳುಗಿದೆ. ಮೇಜಿನ ಮೇಲೆ ಗೊಂಬೆಮನೆ. ಅಡಿಗೆ ಒಂದು ಇಂಚಿನ ಲೆಕ್ಕ. 16 ಇಂಚಿನ ಮಂಗಳೂರು ಹಂಚು ಇಲ್ಲಿ ಹೆಬ್ಬೆರಳ ಗೆಣ್ಣಿನಷ್ಟು. 1865ರಲ್ಲಿ ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ಶುರುಮಾಡಿದ ಆ ಹಂಚಿನ ಸಣ್ಣ ಪಡಿಯಚ್ಚುಗಳನ್ನು ಸುಟ್ಟು, ಮಾಡಿಗೆ ಹೊದಿಸಿ ಆಗಿದೆ. ಬಾಕಿ ಇರುವುದು ಜಗಲಿಯ ಸೂರಿನಿಂದ ಇಳಿಬೀಳುವ ಮರದ ಜಾಲರಿ.

ಉದ್ದನೆಯ ತೇಗದ ಪಟ್ಟಿಯೊಂದರಲ್ಲೇ ಜಾಲರಿಯ ಕೆಳತುದಿಯ ಎಲ್ಲ ಮೊನೆಗಳನ್ನೂ ಕೊರೆಯುತ್ತಿದ್ದೇನೆ. ಗರಗಸದ ಎಳೆ ಕೂದಲಿನಷ್ಟು ತೆಳು. ಟಕ್. ಮೂರನೆಯ ಮೊನೆಯೂ ಮುರಿಯಿತು.

ಅಜ್ಜಿಯ ಮನೆ ಬಿಚ್ಚುವಾಗ ಉಳಿಸಿಕೊಂಡ ಗೇಣುದ್ದದ ಜಾಲರಿ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತೇನೆ. ಬಣ್ಣ ಎದ್ದಲ್ಲಿ ಮರದ ನಾರು ಕಾಣುತ್ತದೆ: ನೆಟ್ಟಗೆ, ಮೇಲಿನಿಂದ ಕೆಳಕ್ಕೆ. ಅದು ಒಂದು ಪಟ್ಟಿಯೇ ಅಲ್ಲ! ಮೂರಿಂಚು ಅಗಲದ ಹಲಗೆಗಳನ್ನು ಒಂದರ ಪಕ್ಕ ಒಂದು ಜೋಡಿಸಿದ್ದು. ನಾರು ಮೊನೆಯವರೆಗೂ ಹರಿದಿದೆ, ಅದಕ್ಕೇ ಇಷ್ಟು ಮಳೆಗಾಲ ಮುರಿಯದೆ ನಿಂತಿದೆ. ಆ ಆಚಾರಿಯ ಕೈಗೆ ನಮಸ್ಕಾರ.

ಮತ್ತೆ ಮೊದಲಿನಿಂದ. ಕಾಲಿಂಚು ಅಗಲ, ಮುಕ್ಕಾಲು ಇಂಚು ಉದ್ದ. ಒಂಬತ್ತು ಇಂಚಿನ ಜಗಲಿಗೆ 36 ತುಂಡು. ಪ್ರತಿಯೊಂದರ ನಡುವೆ 2 ಮಿ.ಮೀ. ತೂತು. ಬೆರಳಲ್ಲೇ ತಿರುಗಿಸುವ ಡ್ರಿಲ್‌ನಿಂದ ತೇಗದ ಪುಡಿ ಸುರುಳಿಯಾಗಿ ಏಳುತ್ತದೆ, ಎಣ್ಣೆಯ ವಾಸನೆ ಬರುತ್ತದೆ. ಸೂಜಿಯಂಥ ಅರದಿಂದ ಎಡಕ್ಕೆ ಮೂರು ಸಲ, ಬಲಕ್ಕೆ ಮೂರು ಸಲ ಉಜ್ಜಿದರೆ ಮೊನೆ.

"ಅಮ್ಮಾ, ಯಾಕೆ ಇಷ್ಟು ಚೂಪು?"

"ಇರು ಮಗಾ, ಮತ್ತೆ ತೋರಿಸ್ತೇನೆ."

ಇಂಗ್ಲೆಂಡಿನ ವಿಂಡ್ಸರ್ ಕೋಟೆಯಲ್ಲಿರುವ ರಾಣಿ ಮೇರಿಯ ಗೊಂಬೆಮನೆಯೂ ಅಡಿಗೆ ಒಂದು ಇಂಚಿನ ಲೆಕ್ಕದ್ದೇ. 1924ರಲ್ಲಿ ಮುಗಿದ ಅದರ ನಲ್ಲಿಗಳಲ್ಲಿ ನಿಜವಾದ ನೀರು ಬರುವಂತೆ ಮಾಡಿದ್ದರು. ಕರಾವಳಿಯ ಮನೆಗೆ ನಲ್ಲಿ ಸಾಲದು, ಮಳೆ ಬೇಕು.

ಮರುದಿನ ಸಂಜೆ. ಎರಡು ಕೈ ವಾರ್ನಿಷ್ ಒಣಗಿದೆ. ಮಗಳ ಕೈಗೆ ನೀರಿನ ಸ್ಪ್ರೇ ಬಾಟ್ಲಿ ಕೊಡುತ್ತೇನೆ. "ಪಡುವಣ ಗಾಳಿ ಮಳೆ ಬಂದ ಹಾಗೆ, ಓರೆಯಾಗಿ ಹೊಡೆ." ಇರಿಚಲು ಜಾಲರಿಗೆ ಬಡಿಯುತ್ತದೆ. ಹಲಗೆಗಳ ಮೇಲೆ ತೇವ ಕೂಡಿ, ತೂತನ್ನು ಬಳಸಿ, ಮೊನೆಗೆ ಇಳಿಯುತ್ತದೆ. ಮನೆ ಚಿಕ್ಕದಾದರೂ ಹನಿ ಚಿಕ್ಕದಾಗಲು ಒಪ್ಪುವುದಿಲ್ಲ. ಹೆಚ್ಚುಕಡಿಮೆ ಹಲಗೆಯಷ್ಟೇ ಅಗಲಕ್ಕೆ ಉಬ್ಬಿ, ನಡುಗಿ, ಕಳಚಿ ಅಂಗಳಕ್ಕೆ ಬೀಳುತ್ತದೆ. ಒಂದು, ಇನ್ನೊಂದು.

ಮಗಳು ಬಗ್ಗಿ ಜಗಲಿಯೊಳಗೆ ಕಿರುಬೆರಳು ತೂರಿಸುತ್ತಾಳೆ. ನೆಲ ಮುಟ್ಟಿ ನೋಡುತ್ತಾಳೆ.

"ಒಣಗಿಯೇ ಉಂಟು!"