ಸೋದರಿಯರ ಮನೆ

ಅಮೆರಿಕದ ವಿದ್ಯಾರ್ಥಿನಿಯರ ಸಖ್ಯಸಂಘಕ್ಕೆ ‘ಸೊರೋರಿಟಿ’ ಎಂದು ಹೆಸರು. ಹಿಂದೆ ಇವನ್ನು ಭ್ರಾತೃಮಂಡಲಿಯೆಂಬ ಅರ್ಥದ ಶಬ್ದದಿಂದಲೇ ಕರೆಯುವ ವಾಡಿಕೆಯಿತ್ತು. 1874ರಲ್ಲಿ ಸಿರಕ್ಯೂಸ್ ವಿಶ್ವವಿದ್ಯಾಲಯದಲ್ಲಿ ನಾಲ್ವರು ತರುಣಿಯರು ‘ಗಾಮಾ ಫೈ ಬೀಟಾ’ ಸಂಘವನ್ನು ಕಟ್ಟಿದರು. 1882ರಲ್ಲಿ ಅಲ್ಲಿಯ ಲ್ಯಾಟಿನ್ ಪ್ರಾಧ್ಯಾಪಕ ಫ್ರಾಂಕ್ ಸ್ಮಾಲಿಯವರು, ಸೋದರಿಯೆಂಬ ಅರ್ಥದ ‘ಸೊರೊರ್’ ಶಬ್ದದಿಂದ ಅದಕ್ಕೆ ಈ ಹೊಸ ಹೆಸರನ್ನು ಸೂಚಿಸಿದರು. ಸಂಸ್ಕೃತದ ‘ಸ್ವಸೃ’ವೂ ಅದೂ ಒಂದೇ ಮೂಲದವು.

ಆ ದೇಶದಲ್ಲಿ ಓದುತ್ತಿದ್ದಾಗ ನಾನೂ ಅಂಥದೊಂದು ಸಂಘವನ್ನು ಸೇರಿದೆನು. ಅದುವರೆಗೆ ನನ್ನ ಹೆಸರನ್ನು ಪೂರ್ಣವಾಗಿ ಕರೆಯುವವರೇ ಆ ಊರಿನಲ್ಲಿರಲಿಲ್ಲ. ದೀಕ್ಷೆಯ ದೀಪಗಳೂ ಗ್ರೀಕ್ ಅಕ್ಷರಗಳ ಪದಕವೂ ಬೆಡಗಾಗಿ ತೋರಿದುವು, ಬಾಂಧವ್ಯವೆನಿಸಲಿಲ್ಲ. ಅದು ಬಂದುದು, ಹಿಮ ಬೀಳುತ್ತಿದ್ದೊಂದು ರಾತ್ರಿ ನಾನು ಜ್ವರದಿಂದ ಮಲಗಿದ್ದಾಗ. ಮೂವರು ಸರದಿಯಿಂದ ಎಚ್ಚತ್ತು ಕುಳಿತರು. ಒಬ್ಬಳು ಗಂಜಿ ಮಾಡುವ ಕ್ರಮವನ್ನು ನನ್ನಿಂದಲೇ ಕೇಳಿ, ಮಾಡಿ ತಂದಳು. ಅದರಲ್ಲಿ ಉಪ್ಪಿರಲಿಲ್ಲ; ನಾನು ಕೇಳಲಿಲ್ಲ.

ಆದರೆ ಆರಿಸಿಕೊಳ್ಳುವ ಮನೆಯು ಕೆಲವರನ್ನು ಹೊರಗಿಡುವ ಮನೆಯೂ ಹೌದು. ನನ್ನೊಡನೆ ಸೇರಲು ಬಯಸಿದ್ದ ಸಹಪಾಠಿಯೊಬ್ಬಳಿಗೆ ಕರೆ ಬರಲಿಲ್ಲ. ಸೋದರಿಯೆಂದರೆ ಒಂದೇ ಒಡಲಿನಲ್ಲಿ ಹುಟ್ಟಿದವಳು. ಅವಳನ್ನು ಯಾರೂ ಆರಿಸುವುದಿಲ್ಲ, ಆದುದರಿಂದಲೇ ಬಿಡಲೂ ಬಾರದು. ಆ ಹೆಸರನ್ನು ಹೊತ್ತವರು ಆ ಧರ್ಮವನ್ನೂ ಹೊರಬೇಕೆಂದು ನನಗೆ ತೋರಿತು. ಭಾನುವಾರಗಳ ಊಟಕ್ಕೆ ಅವಳನ್ನು ಕರೆದೊಯ್ಯತೊಡಗಿದೆನು. ನಮ್ಮವರು ಅವಳಿಗೂ ಒಂದು ಕುರ್ಚಿಯನ್ನು ಸರಿಸಿದರು.