ನಾಲ್ಕನೇ ಕೈ

ನನಗೆ ಇಸ್ಪೀಟು ಕಲಿಸಿದ್ದು ತಿಪಟೂರಿನ ನಮ್ಮ ತಾತ. ಕನ್ನಡ ಓದೋಕೆ ತಡವರಿಸೋ ಇಂಗ್ಲಿಷ್ ಮೀಡಿಯಂ ಹುಡುಗ ನಾನು. ಆದ್ರೂ ಎಕ್ಕ, ರಾಜ, ರಾಣಿ, ಗುಲಾಮ ಎಲ್ಲ ಬೇಸಿಗೆ ರಜೆಯಲ್ಲಿ ಜಗಲಿ ಮೇಲೇ ಬಾಯಿಪಾಠ ಆಗಿತ್ತು. ಸಂಜೆ ತಾತನ ಸ್ನೇಹಿತರಿಬ್ಬರು ಬರೋರು, ರಮ್ಮಿ ಶುರು. ನಾಲ್ಕನೇ ಕೈ ಅಜ್ಜಿ.

ಈಗ ಅಜ್ಜಿ ಇಲ್ಲ. ಸ್ನೇಹಿತರಲ್ಲಿ ಒಬ್ಬರು ಮಗನ ಜೊತೆ ಬೆಂಗಳೂರಿಗೆ, ಇನ್ನೊಬ್ಬರು ಮಗಳ ಮನೆಗೆ ಶಿವಮೊಗ್ಗಕ್ಕೆ ಹೋದ್ರು. 2024ರಲ್ಲಿ, ಪಿಯುಸಿ ಮುಗಿದ ರಜೆಯಲ್ಲಿ, ತಾತನ ಫೋನಿಗೆ ರಮ್ಮಿ ಆ್ಯಪ್ ಹಾಕಿಕೊಟ್ಟೆ. ಮೂರನೇ ಸಲ ಅದೇ ಪ್ರಶ್ನೆ ಕೇಳಿದಾಗ "ಆಗಲೇ ಹೇಳಿದ್ನಲ್ಲ ತಾತ" ಅಂತ ರೇಗಿದೆ. ನನಗೆ ಸೀಕ್ವೆನ್ಸ್ ಅರ್ಥ ಮಾಡಿಸೋಕೆ ಅವರು ಒಂದು ರಜೆ ಪೂರ್ತಿ ತಗೊಂಡಿದ್ರು.

ಮುಂದಿನ ಯುಗಾದಿಗೆ ಹೋದಾಗ ಅವರ ಫೋನಲ್ಲಿ ಬ್ಯಾಂಕ್ ಮೆಸೇಜುಗಳನ್ನ ನೋಡಿದೆ. ನೂರು, ಇನ್ನೂರು, ಮತ್ತೆ ನೂರು. ಕೂಡಿದ್ರೆ 6,400. ಪಿಂಚಣಿ ದುಡ್ಡು.

"ನಿಮ್ಮಪ್ಪಂಗೆ ಹೇಳ್ಬೇಡ ಕಣೋ" ಅಂದ್ರು.

ಮ್ಯಾಥ್ಸ್ ಬ್ಯಾಕ್ ಉಳಿದಾಗ ನಾನೂ ತಾತನಿಗೆ ಫೋನ್ ಮಾಡಿ ಇದೇ ಮಾತು ಹೇಳಿದ್ದೆ. ಬೈಯೋಕೆ ಬಾಯಿ ಬರಲಿಲ್ಲ. "ಫ್ರೀ ಆಟ ಇತ್ತಲ್ಲ, ದುಡ್ಡಿಗೆ ಯಾಕೆ ಆಡಿದ್ರಿ?" ಅಂತಷ್ಟೇ ಕೇಳಿದೆ.

"ಫ್ರೀ ಆಟದಲ್ಲಿ ಎಲೆ ಸರಿ ಬರ್ಲಿಲ್ಲ ಅಂದ್ರೆ ಎದ್ದು ಹೋಗ್ಬಿಡ್ತಾರೆ. ದುಡ್ಡಿಟ್ಟೋರು ಆಟ ಮುಗಿಯೋವರೆಗೂ ಕೂತಿರ್ತಾರೆ." ಸ್ವಲ್ಪ ಹೊತ್ತು ಬಿಟ್ಟು, "ಆಮೇಲೆ ಸೋತಿದ್ದು ವಾಪಸ್ ಬರ್ಲಿ ಅಂತಾನೂ ಆಡಿದೆ" ಅಂದ್ರು.

ಆ ರಾತ್ರಿಯೇ ಆ್ಯಪ್ ತೆಗೆದ್ವಿ. 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಕಾನೂನು ತಂದು, ಆನ್‌ಲೈನಲ್ಲಿ ದುಡ್ಡು ಕಟ್ಟಿ ಆಡೋ ಆಟಗಳನ್ನೇ ನಿಷೇಧಿಸಿತು. ರಮ್ಮಿಯೂ ಅದರಲ್ಲಿ ಸೇರಿತ್ತು. ಒಳ್ಳೇದೇ ಆಯ್ತು. ಆದ್ರೆ ಎದುರಿಗೆ ಕೂರೋ ಜನರನ್ನ ಕಾನೂನು ಕರೆತರಲ್ಲವಲ್ಲ?

ಅದಕ್ಕೆ ಒಂದು ಉಚಿತ ಆ್ಯಪಲ್ಲಿ ಅವರಿಗಂತಲೇ ಪ್ರೈವೇಟ್ ಟೇಬಲ್ ಮಾಡಿದೆ. ಈ ಸಲ ರೇಗಲಿಲ್ಲ. ಏನೇನು ಒತ್ತಬೇಕು ಅಂತ ಒಂದರಿಂದ ಏಳರವರೆಗೆ ಕನ್ನಡದಲ್ಲಿ ಬರೆದುಕೊಟ್ಟೆ. ತಾತ ನನ್ನ ಕಾಗುಣಿತ ತಿದ್ದಿ, ಚೀಟಿಯ ಫೋಟೋ ತೆಗೆದು ಸ್ನೇಹಿತರಿಬ್ಬರಿಗೂ ವಾಟ್ಸಾಪಲ್ಲಿ ಕಳಿಸಿದ್ರು. ಈಗ ಪ್ರತಿ ಭಾನುವಾರ ನಾಲ್ಕಕ್ಕೆ ಆಟ. ಕಾನ್ಫರೆನ್ಸ್ ಕಾಲಲ್ಲಿ ಎಲೆಗಿಂತ ಮಾತೇ ಜಾಸ್ತಿ. ನಾಲ್ಕನೇ ಕೈ ನಾನು, ಹಾಸ್ಟೆಲಿಂದ.

ನನ್ನ ಬ್ಯಾಕ್ ಕ್ಲಿಯರ್ ಆಯ್ತು. ಅಪ್ಪನಿಗೆ ಇಬ್ಬರ ವಿಷಯವೂ ಗೊತ್ತಿಲ್ಲ. ಅವರು ಈ ಮ್ಯಾಗಜಿನ್ ಓದಲ್ಲ ಅಂತ ನಂಬಿದ್ದೀನಿ.

ಹೋದ ಭಾನುವಾರ ಲ್ಯಾಬ್ ರೆಕಾರ್ಡ್ ಬಾಕಿ ಇತ್ತು. ಹದಿಮೂರು ಎಲೆಯಲ್ಲಿ ಒಂದಕ್ಕೊಂದು ಹೊಂದಲಿಲ್ಲ. ಮೊದಲೇ ಡ್ರಾಪ್ ಮಾಡಿದ್ರೆ 20 ಪಾಯಿಂಟ್, ಕೊನೆವರೆಗೆ ಕೂತು ಸಿಕ್ಕಿಬಿದ್ರೆ 80. "ತಾತ, ನಾನು ಡ್ರಾಪ್" ಅಂದೆ.

"ಇರೋ, ಈಗ ತಾನೇ ಕೂತಿದ್ದೀವಿ" ಅಂದ್ರು.

ಕೂತೆ. 80 ಪಾಯಿಂಟ್ ಬಿತ್ತು.