ಅಡುಗೆ ಕಟ್ಟೆಯ ಕಲ್ಲು



ರಾಯಬಾಗ ತಾಲೂಕಿನ ಅಲಖನೂರಿನಲ್ಲಿ ಕುಟುಂಬವೊಂದು ಕಬ್ಬಿನ ಹಣದಿಂದ ಹೊಸ ಮನೆ ಕಟ್ಟಿಸುತ್ತಿತ್ತು. ಅಡುಗೆಮನೆಯ ವಿನ್ಯಾಸವನ್ನು ತಮ್ಮ ಅನುಕೂಲಕ್ಕೆ ತಕ್ಕಂತೆ ಅವರೇ ಯೋಚಿಸಿದ್ದರು. ಕಟ್ಟೆಯ ಕಲ್ಲಿನ ವಿಷಯದಲ್ಲಿ ಮಾತ್ರ ತಾಯಿ-ಮಗನಿಗೆ ಒಮ್ಮತವಿರಲಿಲ್ಲ. “ಫಾದರ್, ನೀವ ಬಂದು ಒಂದ ಆರಿಸಿ ಹೇಳ್ರಿ” ಎಂದು ತಾಯಿ ಕರೆದರು. ಗುರುಮಠದಲ್ಲಿ ದೈವಶಾಸ್ತ್ರ ಕಲಿತವನಿಗೆ ಕಲ್ಲಿನ ಶಾಸ್ತ್ರವೇನು ತಿಳಿದೀತು! ಆದರೂ ಅವರೊಡನೆ ಅಂಗಡಿಗೆ ಹೋದೆ.

ನಮ್ಮ ಹಿರಿಯರ ಮನೆಗಳ ಶಹಾಬಾದ ಫರಸಿ, ಕರಿಯ ಕಡಪಾ ಕಲ್ಲು ಎರಡೂ ಸುಣ್ಣದಂಶದವು. ಅಮೃತಶಿಲೆಯೂ ಅದೇ ಕುಲದ್ದು. ಹುಣಸೆಹುಳಿಯೋ ನಿಂಬೆರಸವೋ ಬಿದ್ದಲ್ಲಿ ಮೆರುಗು ಹೋಗಿ ಮಂಕು ಕಲೆ ಉಳಿಯುತ್ತದೆ. ಇಳಕಲ್ಲಿನ ಕೆಂಪು ಗ್ರಾನೈಟ್, ಚಾಮರಾಜನಗರದ ಕರಿ ಗ್ರಾನೈಟ್ ಹುಳಿಗೆ ಸುಲಭವಾಗಿ ಜಗ್ಗುವುದಿಲ್ಲ. ‘ಲೆದರ್ ಫಿನಿಶ್’ ಎಂಬ ತುಸು ಒರಟು ಮೈ ಎಣ್ಣೆಕೈಯ ಗುರುತನ್ನು ಮರೆಸುತ್ತದೆ. ಆದರೆ ಜೋಳದ ರೊಟ್ಟಿ ಬಡಿಯುವ ಮನೆಯಲ್ಲಿ ಹಿಟ್ಟು ಅದರ ತಗ್ಗುಗಳಲ್ಲಿ ಕೂರುತ್ತದೆ. ನುಣುಪು ಪಾಲಿಶೇ ಲೇಸೆಂದು ನನ್ನ ಮತ. ಮಗನಿಗೆ ಬಿಳಿಯ ಕೃತಕ ಕ್ವಾರ್ಟ್ಜ್ ಬೇಕಿತ್ತು. ಅದು ಕಲ್ಲಿನ ಪುಡಿಯನ್ನು ರಾಳದಲ್ಲಿ ಬೆರೆಸಿ ಒತ್ತಿದ ಹಲಗೆ. ಒಲೆಯಿಂದ ಇಳಿಸಿದ ಪಾತ್ರೆಯನ್ನು ನೇರವಾಗಿ ಇಟ್ಟರೆ ಅದಕ್ಕೆ ಕೇಡು.

ಅಂಗಡಿಯ ಹಿಂದೆ ಹುಡುಗನೊಬ್ಬ ಅಂಥದೇ ಹಲಗೆ ಕೊಯ್ಯುತ್ತಿದ್ದ. ನೀರಿಲ್ಲ, ಬಾಯಿಗೆ ಒಂದು ಟವೆಲ್. ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗಾಗಿದ್ದವು. ಇಂಥ ಕೃತಕ ಕಲ್ಲಿನಲ್ಲಿ ಸಿಲಿಕಾ ಶೇಕಡಾ 90ನ್ನು ಮೀರುವುದುಂಟು. ಗ್ರಾನೈಟಿನಲ್ಲಿ ಬಹಳ ಕಡಿಮೆ, ಆದರೆ ಇಲ್ಲವೆಂದಲ್ಲ. ಆ ಧೂಳು ಶ್ವಾಸಕೋಶದಲ್ಲಿ ನೆಲೆನಿಂತು ಸಿಲಿಕೋಸಿಸ್ ತರುತ್ತದೆ. ಅದು ಗುಣವಾಗದ ರೋಗ. ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಈ ಕೃತಕ ಕಲ್ಲನ್ನೇ ನಿಷೇಧಿಸಿದೆ. ಇದನ್ನೆಲ್ಲ ಅವರಿಗೆ ಹೇಳುತ್ತಿದ್ದಂತೆ ನನಗೇ ನಾಚಿಕೆಯಾಯಿತು. ಸ್ಥಿರ ಬಲಿಪೀಠದ ಮೇಲ್ಗಲ್ಲು ಒಂದೇ ಅಖಂಡ ನೈಸರ್ಗಿಕ ಶಿಲೆಯದಾಗಿರುವುದು ಧರ್ಮಸಭೆಯ ಸಂಪ್ರದಾಯವೆಂದು ಓದಿದವನು ನಾನು. ಹಿಂದೊಮ್ಮೆ ಅಂಥ ಕಲ್ಲು ಕೊಳ್ಳುವಾಗ ಅಡಿಗೆ ಇಷ್ಟೇ ಎಂದು ಚೌಕಾಸಿ ಮಾಡಿದ್ದೆ. ಕೊಯ್ದವನ ಮುಖ ನೋಡಿರಲಿಲ್ಲ. ಧರ್ಮಾಧ್ಯಕ್ಷರು ಆ ಕಲ್ಲಿಗೆ ಪವಿತ್ರ ತೈಲ ಲೇಪಿಸಿದಾಗಲೂ ಅವನ ನೆನಪಾಗಲಿಲ್ಲ.

ತಾಯಿ ಹುಡುಗನನ್ನೇ ನೋಡುತ್ತಿದ್ದರು. “ನಮಗ ಕರಿ ಗ್ರಾನೈಟ ಇರ್ಲಿ. ಆದ್ರ ನೀರ ಬಿಟ್ಕೊಂತ ಕೊಯ್ಸ್ರಿ” ಎಂದರು. ಹಾಗೆ ಮಾಡಿದರೆ ಎರಡು ದಿನ ತಡವಾದೀತೆಂದ ಅಂಗಡಿಯವ. ಮಗ ಗೃಹಪ್ರವೇಶದ ದಿನಾಂಕ ನೆನಪಿಸಿದ.

“ಫಾದರ್ ಎರಡ ದಿನ ಬಿಟ್ಟ ಬಂದು ಆಶೀರ್ವಾದ ಮಾಡ್ತಾರ” ಎಂದರು ತಾಯಿ, ನನ್ನನ್ನು ಕೇಳದೆಯೇ.